ಹರಿಹರಕ್ಕೆ ಒಬ್ಬಳೇ ಹೋದ ದಿನ

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಬಸ್ಸು ಹತ್ತಿ ಕುಳಿತು, ಪಕ್ಕದವರ ಊರು-ಮನೆತನ ವಿಚಾರಿಸಿ ಮುಗಿಯುವಷ್ಟರಲ್ಲಿ ತುಂಗಭದ್ರೆಯ ದಡ ಬಂದುಬಿಡುತ್ತದೆ. ಇಷ್ಟು ಹತ್ತಿರದ ಊರಿಗೆ ಹೋಗಿಬಂದುದನ್ನು ಪ್ರವಾಸವೆಂದು ಬರೆಯಲು ಕುಳಿತರೆ ಓದುಗ ಬಂಧುಗಳು ನಕ್ಕಾರು. ನಗಲಿ. ನನಗೀಗ 69 ವರ್ಷ. ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಬಂದದ್ದು ಎಲ್ಲವೂ ಈ ಸೀಮೆಯಲ್ಲೇ. ಇಷ್ಟು ವರ್ಷಗಳಲ್ಲಿ ನಾನು ಯಾವ ಊರಿಗೂ, ಯಾರ ಕೆಲಸಕ್ಕೂ ಅಲ್ಲದೆ, ಯಾರ ಜೊತೆಯೂ ಇಲ್ಲದೆ, ನೋಡಬೇಕೆಂಬ ಒಂದೇ ಕಾರಣಕ್ಕೆ ಹೊರಟವಳಲ್ಲ. ಮದುವೆ, ಸೀಮಂತ, ಗೃಹಪ್ರವೇಶ, ಶಿವಗಣಾರಾಧನೆಗಳಿಗೆಂದು ಹರಿಹರಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಕಲ್ಯಾಣಮಂಟಪದ ಬಾಗಿಲಲ್ಲಿ ಇಳಿದು, ಅಕ್ಷತೆ ಹಾಕಿ, ಊಟ ಮುಗಿಸಿ, ಅದೇ ಬಾಗಿಲಲ್ಲಿ ಗಾಡಿ ಹತ್ತಿದವಳು ಊರನ್ನು ಕಂಡಂತಾಯಿತೇ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಅದನ್ನು ಹುಟ್ಟಿಸಿದವಳು ನನ್ನ ಮೊಮ್ಮಗಳು. ಆಕೆ ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಓದುತ್ತಿದ್ದಾಳೆ. ಭಾನುವಾರ ಸಂಜೆ ಫೋನಿನ ತೆರೆಯ ಮೇಲೆ ಮುಖ ತೋರಿಸಿ ಮಾತನಾಡುವುದು ನಮ್ಮ ರೂಢಿ. ಕಳೆದ ಡಿಸೆಂಬರಿನ ರಜೆಯಲ್ಲಿ ಒಂದು ದಿನ ಅವಳು ಕಡಲದಂಡೆಯ ಗುಂಟ ಸಾಗುವ ರೈಲು ಹಿಡಿದು ತರ್ರಗೋನ ಎಂಬ ಹಳೆಯ ಊರಿಗೆ ಹೋಗಿಬಂದಳಂತೆ. ರೋಮನ್ನರು ಅದನ್ನು ತರ್ರಾಕೊ ಎಂದು ಕರೆದು, ತಮ್ಮ ದೊಡ್ಡ ಪ್ರಾಂತವೊಂದಕ್ಕೆ ರಾಜಧಾನಿಯನ್ನಾಗಿ ಮಾಡಿಕೊಂಡಿದ್ದರಂತೆ. ಸಮುದ್ರಕ್ಕೆ ಎದುರಾಗಿ ಕಲ್ಲಿನ ಮೆಟ್ಟಿಲುಗಳ ದೊಡ್ಡದೊಂದು ಬಯಲು ರಂಗಮಂದಿರ. ಅಲ್ಲಿ ಒಂದು ಕಾಲಕ್ಕೆ ಮನುಷ್ಯರೂ ಮೃಗಗಳೂ ಕಾದಾಡಿ ಸಾಯುತ್ತಿದ್ದರೆ ಊರ ಜನ ಕುಳಿತು ನೋಡುತ್ತಿದ್ದರು. ಕ್ರಿ.ಶ. 259ರಲ್ಲಿ ಆ ಊರಿನ ಕ್ರೈಸ್ತ ಧರ್ಮಗುರುವನ್ನೂ ಅವನ ಇಬ್ಬರು ಸಹಾಯಕರನ್ನೂ ಅಲ್ಲಿಯೇ ಜೀವಂತ ಸುಟ್ಟರು. ಮುಂದೆ ಕಾಲ ತಿರುಗಿ, ಅದೇ ರಂಗದ ನಡುವೆ ಅವರ ನೆನಪಿಗೆ ಚರ್ಚು ಎದ್ದಿತು; ಈಗ ಅದೂ ಪಾಳುಗೋಡೆಯಾಗಿ ಉಳಿದಿದೆ. 2000ದಲ್ಲಿ ಯುನೆಸ್ಕೋ ಈ ಊರಿನ ರೋಮನ್ ಅವಶೇಷಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನ ದೊಡ್ಡ ಬೀದಿಯ ಕೊನೆಗೆ ಕಡಲಿನ ಮೇಲ್ಗಡೆ ಕಬ್ಬಿಣದ ಕಟಾಂಜನವೊಂದಿದೆ; ಅದನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆಂದು ಅಲ್ಲಿಯವರ ನಂಬಿಕೆ. ಇವಳೂ ಮುಟ್ಟಿಬಂದಳಂತೆ. ಇಷ್ಟನ್ನೂ ಕಣ್ಣರಳಿಸಿ ಹೇಳಿದಳು.

ನಾನು ಕೇಳಿದ್ದು ಒಂದೇ ಮಾತು: "ಜೊತೆಗೆ ಯಾರಿದ್ದರು?"

"ಯಾರೂ ಇಲ್ಲ ಅಜ್ಜಿ, ಒಬ್ಬಳೇ ಹೋಗಿದ್ದೆ."

ಹೆಣ್ಣುಮಗಳು, ಪರದೇಶ, ಭಾಷೆ ಬಾರದ ಜನ ಎಂದು ನಾನು ಎಂದಿನ ಪಾಠ ಆರಂಭಿಸಿದೆ. ಅವಳು ಕೇಳುವಷ್ಟು ಕೇಳಿ, "ಅಜ್ಜಿ, ನೀನು ಒಮ್ಮೆಯಾದರೂ ಒಬ್ಬಳೇ ಎಲ್ಲಿಗಾದರೂ ಹೋಗಿದ್ದೀಯಾ?" ಎಂದಳು. ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಒಲೆಯ ಮೇಲೆ ಹಾಲು ಇಟ್ಟಿದ್ದೇನೆಂದು ಸುಳ್ಳು ಹೇಳಿ ಎದ್ದೆ.

ಇಲ್ಲಿ ನಮ್ಮ ಮನೆಯ ವಿಷಯವನ್ನೂ ಸ್ವಲ್ಪ ಹೇಳಬೇಕು. ನಮ್ಮ ಯಜಮಾನರು 2022ರಲ್ಲಿ ಲಿಂಗೈಕ್ಯರಾದರು. ಆ ಮೇಲೆ ವಿದ್ಯಾನಗರದ ಮನೆಯಲ್ಲಿ ಕೆಳಗೆ ನಾನೊಬ್ಬಳೇ ಇದ್ದೇನೆ. ಮಹಡಿಯ ಮೇಲೆ ಬಾಡಿಗೆಗೆ ಒಂದು ಸಂಸಾರವಿದೆ. ಕಳೆದ ಮಳೆಗಾಲದಲ್ಲಿ ಬಚ್ಚಲಮನೆಯಲ್ಲಿ ಕಾಲುಜಾರಿ ಬಿದ್ದು, ಎದ್ದೇಳಲಾಗದೆ, ಹಾಲಿನವಳು ಬಂದು ಬಾಗಿಲು ಬಡಿಯುವವರೆಗೆ ನೆಲದ ಮೇಲೆಯೇ ಮಲಗಿದ್ದೆ. ಮೂಳೆ ಮುರಿಯಲಿಲ್ಲ, ಮೊಣಕಾಲು ಮಾತ್ರ ಅಂದಿನಿಂದ ಮೊದಲಿನಂತಿಲ್ಲ. ಬೆಂಗಳೂರಿನಲ್ಲಿರುವ ಮಗ ಅದನ್ನು ಕೇಳಿದ ದಿನದಿಂದ ಒಂದೇ ಹಟ ಹಿಡಿದ: ಮನೆಯನ್ನು ಮಾರಿಬಿಡೋಣ, ನೀನು ನಮ್ಮೊಡನೆ ಬಂದುಬಿಡು. ಕೊಳ್ಳುವವರೂ ಸಿಕ್ಕಿದ್ದರು. ಯುಗಾದಿಯ ಹೊತ್ತಿಗೆ ಮುಂಗಡ ಕೊಡುವುದಾಗಿ ಹೇಳಿದ್ದರು. ಮಗನ ಮಾತಿನಲ್ಲಿ ತಪ್ಪೇನೂ ಇಲ್ಲ. ತಾಯಿಯ ಮೇಲಿನ ಅಂತಃಕರಣದಿಂದಲೇ ಅವನು ಹೇಳುತ್ತಿದ್ದಾನೆ. ಸೊಸೆಯೂ ಒಳ್ಳೆಯವಳು. ಆದರೆ "ಅಮ್ಮ ಇನ್ನು ಒಬ್ಬಳೇ ಇರಲಾರಳು" ಎಂಬ ಮಾತನ್ನು ಅವರೆಲ್ಲ ಎಷ್ಟು ಸಲ ಆಡಿದರೆಂದರೆ, ಕೊನೆಗೆ ನಾನೇ ಅದನ್ನು ನಂಬಲು ತೊಡಗಿದ್ದೆ. ರಾತ್ರಿ ನೀರು ಕುಡಿಯಲು ಏಳುವಾಗಲೂ ಗೋಡೆ ಹಿಡಿಯುವಂತಾಗಿತ್ತು.

ಇನ್ನೊಂದು ಸಂಗತಿಯೂ ಇತ್ತು. ನಮ್ಮ ಯಜಮಾನರು 31 ವರ್ಷಗಳ ಕಾಲ ಪ್ರತಿದಿನ ಹರಿಹರಕ್ಕೆ ಹೋಗಿಬಂದವರು. ಅಲ್ಲಿಯ ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ರೈಲು, ಸಂಜೆ ರೈಲು, ಅಂಗಿಯ ಜೇಬಿನಲ್ಲಿ ಸೀಸನ್ ಪಾಸು. ನಾನು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ, ಶೇಂಗಾಚಟ್ನಿ, ಮೊಸರು ಕಟ್ಟಿಕೊಡುತ್ತಿದ್ದೆ. ಮಧ್ಯಾಹ್ನ ಆ ಬುತ್ತಿಯನ್ನು ಅವರು ಹರಿಹರೇಶ್ವರನ ಗುಡಿಯ ಅಂಗಳದಲ್ಲಿ ಕುಳಿತು ಉಣ್ಣುತ್ತಿದ್ದರು. ಊಟವಾದ ಮೇಲೆ ಕಾಲು ಗಂಟೆ ಗುಡಿಯ ಕಂಬಗಳನ್ನು ನೋಡುತ್ತ ತಿರುಗುವುದು ಅವರ ಅಭ್ಯಾಸ. "ಒಂದು ದಿನ ನೀನೂ ಬಾ, ಆ ಕಂಬಗಳನ್ನು ತೋರಿಸುತ್ತೇನೆ" ಎಂದು ಮದುವೆಯಾದ ಹೊಸದರಲ್ಲಿ ಹೇಳಿದರು. ಮಕ್ಕಳಾದ ಮೇಲೆ ಹೇಳಿದರು. ನಿವೃತ್ತರಾದ ಮೇಲೂ ಹೇಳಿದರು. ಅತ್ತೆಯವರ ಆರೈಕೆ, ಮಕ್ಕಳ ಪರೀಕ್ಷೆ, ಹಬ್ಬ, ಹುಣ್ಣಿಮೆ, ನನಗೆ ಬಿಡುವಾಗಲಿಲ್ಲ. ಬಿಡುವಾಗಲಿಲ್ಲವೆನ್ನುವುದು ಪೂರ್ತಿ ಸತ್ಯವಲ್ಲವೆಂದು ಈಗ ತಿಳಿಯುತ್ತದೆ. ಹತ್ತಿರದಲ್ಲೇ ಇದೆಯಲ್ಲ, ಎಂದಾದರೂ ಹೋದರಾಯಿತು ಎಂಬ ಉದಾಸೀನವೇ ಹೆಚ್ಚಾಗಿತ್ತು. ಇತಿಹಾಸದಲ್ಲಿ ಬಿ.ಎ. ಮಾಡಿದ್ದ ನಾನು ಹೊಯ್ಸಳರ ಕಾಲದ ಗುಡಿಯೊಂದನ್ನು 14 ಕಿಲೋಮೀಟರು ದೂರದಲ್ಲಿಟ್ಟುಕೊಂಡು 45 ವರ್ಷ ನೋಡದೆ ಉಳಿದೆ.

ಸಂಕ್ರಾಂತಿ ಕಳೆದ ಮರುವಾರ, ಒಂದು ಬುಧವಾರ ಬೆಳಿಗ್ಗೆ, ಲಿಂಗಪೂಜೆ ಮುಗಿಸಿ ಎದ್ದವಳಿಗೆ ಇಂದೇ ಹೋಗಿಬಿಡೋಣ ಎನ್ನಿಸಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಗ ಕಾರು ಕಳಿಸುತ್ತಿದ್ದ, ಇಲ್ಲವೇ ಮಹಡಿಯ ಮನೆಯವರನ್ನು ಜೊತೆ ಮಾಡುತ್ತಿದ್ದ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿಪುಡಿ ಕಟ್ಟಿಕೊಂಡೆ. ಬೀಗ ಹಾಕುವಾಗ ಎದುರುಮನೆಯವರು, ನಮ್ಮ ವಚನ ಪಾರಾಯಣದ ಗೆಳತಿ, "ಎಲ್ಲಿಗೆ ಹೊರಟಿರಿ ಅಕ್ಕಾರೆ?" ಎಂದರು. ಹರಿಹರದ ಗುಡಿಗೆ ಎಂದೆ. "ಕೊರಳಲ್ಲಿ ಲಿಂಗಯ್ಯ ಇರುವಾಗ ಸ್ಥಾವರಕ್ಕೆ ಯಾಕೆ ಅಲೆಯುತ್ತೀರಿ?" ಎಂದು ನಕ್ಕರು. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ನಮ್ಮ ಮಾವನವರು ಯಜಮಾನರಿಗೆ ಕೇಳಿದ್ದರು. "ನಾನು ಪೂಜೆ ಮಾಡಿಸಲು ಹೋಗುವುದಿಲ್ಲ ಅಪ್ಪಾಜಿ, ಕಂಬ ನೋಡಲು ಹೋಗುತ್ತೇನೆ" ಎಂದಿದ್ದರು ಅವರು. ಅದೇ ಉತ್ತರವನ್ನು ನಾನೂ ಕೊಟ್ಟೆ.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದೆ, ನಿರ್ವಾಹಕರು ಶೂನ್ಯ ಮೊತ್ತದ ಟಿಕೆಟು ಹರಿದುಕೊಟ್ಟರು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲ. ಈ ಯೋಜನೆಯ ಬಗೆಗೆ ಪರವಾಗಿಯೂ ವಿರೋಧವಾಗಿಯೂ ಬಹಳ ಮಾತು ಕೇಳಿದ್ದೇನೆ. ನನ್ನ ಪಕ್ಕದಲ್ಲಿ ಕುಳಿತಿದ್ದ, ಸೊಪ್ಪು ಮಾರಿ ಹಿಂತಿರುಗುತ್ತಿದ್ದ ಹೆಂಗಸು ಖಾಲಿ ಪುಟ್ಟಿಯನ್ನು ಕಾಲಡಿಯಲ್ಲಿಟ್ಟುಕೊಂಡು, "ಮೊದಲು ಗಂಡನ ಕೈ ನೋಡಬೇಕಿತ್ತಮ್ಮ, ಈಗ ಬಸ್ಸು ನೋಡಿದರೆ ಸಾಕು" ಎಂದಳು. ಅದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ.

ದೊಡ್ಡಬಾತಿ ದಾಟಿದ ಮೇಲೆ ಎರಡೂ ಕಡೆ ಭದ್ರಾ ಕಾಲುವೆಯ ನೀರುಂಡ ಗದ್ದೆಗಳು. ನಮ್ಮ ತಂದೆಯ ಬಾಲ್ಯದಲ್ಲಿ ಈ ಭಾಗವೆಲ್ಲ ಮಳೆಯಾಶ್ರಯದ ಜೋಳ, ಹತ್ತಿ. ಆ ಹತ್ತಿಯಿಂದಲೇ ದಾವಣಗೆರೆಯ ಗಿರಣಿಗಳು ಎದ್ದುವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಭದ್ರೆಯ ನೀರು ಬಂದ ಮೇಲೆ ಹತ್ತಿ ಹೋಗಿ ಭತ್ತ ಬಂದಿತು. ಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದುವು. ಕಿಟಕಿಯ ಬಳಿ ಒಬ್ಬಳೇ ಕುಳಿತರೆ ಇಂತಹ ಯೋಚನೆಗಳಿಗೆ ಅವಕಾಶವಿರುತ್ತದೆಂಬುದು ನನಗೆ ಅಂದು ತಿಳಿಯಿತು. ಜೊತೆಗೆ ಯಾರಾದರೂ ಇದ್ದಿದ್ದರೆ ಗದ್ದೆಯ ಬದಲು ಅವರ ಮಗಳ ವರಾನ್ವೇಷಣೆಯ ಮಾತಾಗುತ್ತಿತ್ತು.

ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದು ದಾರಿ ವಿಚಾರಿಸಿಕೊಂಡು ನಡೆದೆ. ಆಟೋದವರು ಕರೆದರೂ ಹತ್ತಲಿಲ್ಲ. ಯಜಮಾನರು ನಡೆದ ದಾರಿಯಲ್ಲಿ ನಡೆಯಬೇಕೆಂಬ ಆಸೆ. ಅದು ಅವರು ನಡೆದ ದಾರಿಯೇ ಹೌದೋ ಅಲ್ಲವೋ ಹೇಳುವವರಾರು! ಮೊಬೈಲ್ ಅಂಗಡಿ, ಬಟ್ಟೆಯಂಗಡಿ, ಹೂವಿನ ತಟ್ಟೆಗಳ ನಡುವೆ ದಾರಿ ತಿರುಗಿ ತಿರುಗಿ ಹಳೆಯ ಊರಿನೊಳಗೆ ಸಾಗಿತು. ಗುಡಿ ಇದ್ದಕ್ಕಿದ್ದಂತೆ ಎದುರಾಯಿತು.

ಗುಡಿಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ಕ್ರಿ.ಶ. 1224ರ ಸುಮಾರಿಗೆ, ಅವನ ದಂಡನಾಯಕನೂ ಮಂತ್ರಿಯೂ ಆದ ಪೋಲಾಳ್ವನು ಇದನ್ನು ಕಟ್ಟಿಸಿದನು. ಮುಂದೆ 1268ರಲ್ಲಿ ಸೋಮ ದಂಡನಾಯಕನು ಬಂಗಾರದ ಕಳಶಗಳುಳ್ಳ ಐದು ನೆಲೆಯ ಮಹಾದ್ವಾರವನ್ನು ಸೇರಿಸಿದನೆಂದು ಶಾಸನವಿದೆ. ಸೋಮನಾಥಪುರದ ಸುಪ್ರಸಿದ್ಧ ದೇಗುಲವನ್ನು ಕಟ್ಟಿಸಿದವನೂ ಇವನೇ. ಬಸವಾದಿ ಶರಣರ ಕಲ್ಯಾಣದ ದಿನಗಳು ಮುಗಿದು ಆಗಿನ್ನೂ ಐವತ್ತು-ಅರವತ್ತು ವರ್ಷ. ದೇಹವನ್ನೇ ದೇಗುಲವೆಂದು ಸಾರಿದ ಮಾತುಗಳು ಜನರ ಬಾಯಲ್ಲಿ ಹಸಿಯಾಗಿರುವಾಗಲೇ ಉಳ್ಳವರು ಇಲ್ಲಿ ಇಂತಹದೊಂದು ಶಿವಾಲಯವನ್ನು, ಅಲ್ಲ, ಅರ್ಧ ಶಿವಾಲಯವನ್ನು ಎತ್ತುತ್ತಿದ್ದರು. ಅರ್ಧವೆಂದೆ, ಏಕೆಂದರೆ ಒಳಗಿರುವ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನೆಂಬ ದಾನವನು ಹರಿಯಿಂದಲೂ ಹರನಿಂದಲೂ ಮರಣ ಬಾರದಂತೆ ಬ್ರಹ್ಮನಿಂದ ವರ ಪಡೆದು ಲೋಕವನ್ನು ಪೀಡಿಸಲು, ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರೆಂಬುದು ಸ್ಥಳಪುರಾಣ. ಊರಿನ ಹಳೆಯ ಹೆಸರು ಕೂಡಲೂರು. ಸೂಳೆಕೆರೆಯಿಂದ ಹೊರಟ ಹರಿದ್ರಾ ಎಂಬ ಸಣ್ಣ ಹೊಳೆ ಇಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಬಂದ ಹೆಸರು. ಕೂಡಲಸಂಗಮದಲ್ಲಿ ಕೃಷ್ಣೆಗೆ ಮಲಪ್ರಭೆ ಕೂಡಿದಂತೆ ಇಲ್ಲಿಯೂ ಒಂದು ಕೂಡಲು. ಅಂದಹಾಗೆ, ನಮ್ಮ ರಗಳೆಯ ಹರಿಹರ ಕವಿಯನ್ನು ಈ ಊರಿನವನೆಂದು ತಿಳಿದವರು ನಮ್ಮ ಬಳಗದಲ್ಲೇ ಕೆಲವರಿದ್ದಾರೆ. ಆ ಕವಿ ಹಂಪೆಯವನು.

ಗರ್ಭಗುಡಿಯ ಎದುರಿಗೆ ನಿಂತೆ. ಕಾಯಿ ಒಡೆಸಲಿಲ್ಲ, ಆರತಿ ಮಾಡಿಸಲಿಲ್ಲ. ಕೈಗಳು ಮಾತ್ರ ತಾವಾಗಿಯೇ ಮುಗಿದುವು. ಅದಕ್ಕೆ ಗೆಳತಿಗೆ ಏನು ಸಮಜಾಯಿಷಿ ಕೊಡಬೇಕೋ ನನಗಿನ್ನೂ ಹೊಳೆದಿಲ್ಲ.

ಹೊರಗಿನ ತೆರೆದ ಮಂಟಪಕ್ಕೆ ಬಂದೆ. ಕಂಬಗಳು! ಫೋಟೋದಲ್ಲಿ ಕಂಡಿದ್ದೆ, ಪುಸ್ತಕದಲ್ಲಿ ಓದಿದ್ದೆ. ಆದರೆ ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದ ಆ ದುಂಡುಗಂಬಗಳ ಬಳಿ ನಿಂತಾಗ ಆಗುವುದೇ ಬೇರೆ. ಒಂದು ಗಂಟೆಯಂತೆ ಬಾಗಿದೆ, ಅದರ ಮೇಲೆ ತೆಳ್ಳನೆಯ ಬಳೆಗಳಂತಹ ಗೆರೆಗಳು, ಅದರ ಮೇಲೆ ತಟ್ಟೆ, ಮತ್ತೆ ಗೆರೆಗಳು. ಎಲ್ಲಿಯೂ ಉಳಿಯ ಏಟಿನ ಗುರುತಿಲ್ಲ. ಕೆಲವು ಕಂಬಗಳಲ್ಲಿ ಇನ್ನೂ ಎಷ್ಟು ನುಣುಪು ಉಳಿದಿದೆಯೆಂದರೆ ಹತ್ತಿರ ಹೋದರೆ ನಮ್ಮ ನೆರಳು ಕಪ್ಪಾಗಿ ಅದರೊಳಗೆ ಅಲುಗುತ್ತದೆ. ಇದನ್ನು ನೋಡಿದಾಗ ಯಜಮಾನರು ಮನೆಯಲ್ಲಿ ನೂರು ಸಲ ಹೇಳಿದ ಮಾತು ನೆನಪಾಗಿ ನಗು ಬಂದಿತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ಲೇತ್ ಎಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. "ನೋಡು, ಏಳುನೂರು ವರ್ಷದ ಹಿಂದೆ ಕಲ್ಲನ್ನು ತಿರುಗಿಸಿ ಕಡೆದ ಊರು, ಈಗ ತಿರುಗಿಸುವ ಯಂತ್ರವನ್ನೇ ದೇಶಕ್ಕೆಲ್ಲ ಮಾಡಿಕೊಡುತ್ತದೆ. ಇದನ್ನು ಯಾರೂ ಬರೆದಿಲ್ಲ" ಎನ್ನುತ್ತಿದ್ದರು. ರೊಟ್ಟಿ ಬಡಿಯುತ್ತ "ಹೂಂ" ಎನ್ನುತ್ತಿದ್ದೆ. ಆ ಕಾರ್ಖಾನೆ ಈಗಿಲ್ಲ. ಹೇಳಿದವರೂ ಇಲ್ಲ. ಕಂಬಗಳಿವೆ. ಯಾರೂ ಬರೆಯಲಿಲ್ಲವೆಂಬ ಅವರ ಕೊರಗು ಈ ಪುಟದಿಂದ ತೀರಿದರೆ ತೀರಲಿ.

ಒಂದು ಕಂಬದ ಮೇಲೆ ಅಂಗೈಯನ್ನಿಟ್ಟೆ. ಹೊರಗೆ ಬಿಸಿಲೇರಿದ್ದರೂ ಕಲ್ಲು ತಣ್ಣಗಿತ್ತು. ಮೊಮ್ಮಗಳ ಕಬ್ಬಿಣದ ಕಟಾಂಜನ ನೆನಪಾಯಿತು.

ಮಂಟಪದ ಅಂಚಿಗೆ ಸುತ್ತಲೂ ಒರಗಿ ಕೂಡಲು ಕಲ್ಲಿನ ಜಗುಲಿಯಿದೆ. ಅಲ್ಲಿ ಕುಳಿತು ಬುತ್ತಿಯ ಗಂಟು ಬಿಚ್ಚಲು ಕೈಹಾಕಿದೆ. ಕಾವಲಿನವರು ಬಂದು, ಮೆಲುದನಿಯಲ್ಲೇ, "ಇಲ್ಲಿ ಊಟ ಮಾಡೋ ಹಾಗಿಲ್ಲಮ್ಮ, ಇದು ಸಂರಕ್ಷಿತ ಸ್ಮಾರಕ" ಎಂದರು. ಸರಿಯಾದ ಮಾತೇ. ಗಂಟು ಕಟ್ಟಿಕೊಂಡು ಎದ್ದೆ. ಆದರೂ ಕೇಳದಿರಲಾಗಲಿಲ್ಲ: "ಹಿಂದೆ ಇಲ್ಲಿ ಕುಳಿತು ಊಟ ಮಾಡುತ್ತಿದ್ದರೇನಪ್ಪ?" ಅವರಿಗೆ ಮೂವತ್ತೈದರೊಳಗಿನ ವಯಸ್ಸು. "ನನಗೆ ಗೊತ್ತಿಲ್ಲಮ್ಮ, ಹೊರಗೆ ಹೂವಿನ ಅಜ್ಜನ್ನ ಕೇಳಿ" ಎಂದರು. ಹೊರಗೆ ಹೂವು ಕಟ್ಟುತ್ತಿದ್ದ ಮುದುಕರನ್ನು ಕೇಳಿದೆ. ಯಜಮಾನರ ಹೆಸರು ಹೇಳಿದೆ, ಕಚೇರಿ ಹೇಳಿದೆ, ಎತ್ತರ, ಬಣ್ಣ, ಕನ್ನಡಕ, ಹಣೆಯ ಮೂರು ಬೆರಳಿನ ವಿಭೂತಿ, ದಿನವೂ ಮಧ್ಯಾಹ್ನ ಬರುತ್ತಿದ್ದರು ಎಂದೆ. ಅವರು ನೂಲನ್ನು ಹಲ್ಲಿನಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದರು. "ಬಹಳ ಮಂದಿ ಬರುತ್ತಿದ್ದರು ತಾಯಿ. ಯಾರು ಅಂತ ನೆನಪಿಟ್ಟುಕೊಳ್ಳಲಿ?" ಎಂದು, ತಾವೇನೋ ತಪ್ಪು ಮಾಡಿದವರಂತೆ ಒಂದು ಮೊಳ ಸೇವಂತಿಗೆಯನ್ನು ಹಣವಿಲ್ಲದೆ ಕೊಡಲು ಬಂದರು. ನಾನು ಹಣ ಕೊಟ್ಟೇ ತೆಗೆದುಕೊಂಡೆ.

ಯಾರಾದರೂ ಅವರನ್ನು ನೆನೆದಾರು ಎಂದು ನಾನು ಒಳಗೊಳಗೇ ಕಾದುಕೊಂಡೇ ಬಂದಿದ್ದೆನೆಂಬುದು ಆಗಷ್ಟೇ ನನಗೆ ಅರಿವಾಯಿತು. 31 ವರ್ಷ ಒಂದು ಅಂಗಳದಲ್ಲಿ ಕುಳಿತು ಉಂಡವರ ಗುರುತು 15 ವರ್ಷಗಳಲ್ಲಿ ಅಳಿಸಿಹೋಗಿತ್ತು. ಪೋಲಾಳ್ವನಿಗಾದರೆ ಶಾಸನವಿದೆ. ಆ ಕಂಬಗಳನ್ನು ಕಡೆದ ರೂವಾರಿಗಳ ಹೆಸರನ್ನು ಎಷ್ಟು ಜನ ಬಲ್ಲರು? ಸ್ವಲ್ಪ ಹೊತ್ತು ಬೀದಿಯ ಬದಿಯಲ್ಲೇ ನಿಂತಿದ್ದೆ. ಅಳು ಬರಲಿಲ್ಲ, ಹಸಿವಾಗುತ್ತಿತ್ತು.

ಹೊಳೆಯ ದಡಕ್ಕೆ ನಡೆದೆ. ಸಂಕ್ರಾಂತಿಯ ಸ್ನಾನಕ್ಕೆ ಬಂದವರು ಬಿಟ್ಟುಹೋದ ಹಳೆಯ ಬಟ್ಟೆ, ಪ್ಲಾಸ್ಟಿಕ್ ಚೀಲ, ಎಳ್ಳುಬೆಲ್ಲದ ಪೊಟ್ಟಣಗಳು ದಡದ ಕಲ್ಲುಗಳಿಗೆ ಅಂಟಿಕೊಂಡಿದ್ದವು. ದಕ್ಷಿಣ ಕಾಶಿ ಎಂದು ಕರೆಯುವ ಜನರೇ ಹೀಗೆ ಮಾಡಿದರೆ ಹೊಳೆ ಯಾರಿಗೆ ದೂರು ಕೊಡಬೇಕು? ನೀರು ಇಳಿದು ನಡುನಡುವೆ ಬಂಡೆಗಳು ಬೆನ್ನು ತೋರಿದ್ದವು. ಆಚೆಯ ದಡ ಹಾವೇರಿ ಜಿಲ್ಲೆ. ನಾನು ಹುಟ್ಟುವ ಹೊತ್ತಿಗೆ, 1956ರ ಏಕೀಕರಣದವರೆಗೆ, ಆಚೆಯ ದಡ ಬೇರೆ ರಾಜ್ಯವಾಗಿತ್ತು. ಈಚೆ ಮೈಸೂರು, ಆಚೆ ಮುಂಬಯಿ. ಎರಡೂ ದಡದಲ್ಲಿ ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಅದೇ ಬೀಗತನ. ನಮ್ಮ ಸೋದರತ್ತೆಯನ್ನು ರಾಣೆಬೆನ್ನೂರಿನ ಕಡೆಗೆ ಕೊಟ್ಟಾಗ, "ಮಗಳನ್ನು ಮುಂಬಯಿ ಸರ್ಕಾರಕ್ಕೆ ಕೊಟ್ಟೆವು" ಎಂದು ನಮ್ಮ ಅಜ್ಜ ಹೇಳುತ್ತಿದ್ದರಂತೆ. ಹರಿಹರನ ಮೂರ್ತಿಯಂತೆಯೇ ಎರಡು ಅರ್ಧಗಳು ಹೊಳೆಯ ನಡುವೆ ಕೂಡಿಕೊಂಡ ನಾಡು ನಮ್ಮದು. ಈ ಹೊಳೆಗೆ 1868ರಲ್ಲಿ ಕಲ್ಲು, ಇಟ್ಟಿಗೆಗಳ 14 ಕಮಾನುಗಳ ಸೇತುವೆ ಮುಗಿದ ಮೇಲೆ ಬೆಂಗಳೂರು-ಧಾರವಾಡ ಹೆದ್ದಾರಿಗೆ ಮಳೆಗಾಲದಲ್ಲಿಯೂ ದಾರಿಯಾಯಿತು. ಅದಕ್ಕೆ ಮುಂಚೆ ಹೊಳೆ ಬಂದರೆ ಬೀಗರು ಆಚೆ, ನೆಂಟರು ಈಚೆ.

ನೆರಳಿರುವ ಒಂದು ಮೆಟ್ಟಿಲು ನೋಡಿ ಕುಳಿತು ರೊಟ್ಟಿ ತಿಂದೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು. ಇಂತಹ ದಿನಗಳಲ್ಲಿ ಅವರು ಸಂಜೆ ಡಬ್ಬಿ ತಿರುಗಿಸಿ ಕೊಡುವಾಗ ಏನೂ ಹೇಳುತ್ತಿರಲಿಲ್ಲ. ಮರುದಿನ ಚಟ್ನಿ ಸ್ವಲ್ಪ ಹೆಚ್ಚು ಹಾಕು ಎನ್ನುತ್ತಿದ್ದರು ಅಷ್ಟೇ.

ಕೈತೊಳೆಯಲೆಂದು ಕೆಳಗೆ ಎರಡು ಮೆಟ್ಟಿಲು ಇಳಿದುದೇ ತಪ್ಪಾಯಿತು. ಪಾಚಿಯ ಮೇಲೆ ಕಾಲಿಟ್ಟೆನೋ, ಮೊಣಕಾಲೇ ಕೈಕೊಟ್ಟಿತೋ, ಜಾರಿ ಕುಸಿದು ಕುಳಿತುಬಿಟ್ಟೆ. ಪೆಟ್ಟಾಗಲಿಲ್ಲ. ಆದರೆ ಏಳಲು ನೋಡುತ್ತೇನೆ, ಕಾಲು ಏಳುವುದಿಲ್ಲ. ಬಚ್ಚಲಮನೆಯ ಆ ಬೆಳಗು ಕಣ್ಣೆದುರು ಬಂದು ನಿಂತಿತು. ಎದೆ ಡವಗುಟ್ಟಿತು. ಅಷ್ಟರಲ್ಲಿ ಚೀಲದೊಳಗೆ ಫೋನು ಮೊಳಗಿತು. ಮಗನದು; ಮಧ್ಯಾಹ್ನ ಊಟದ ಹೊತ್ತಿಗೆ ಅವನು ತಪ್ಪದೆ ವಿಚಾರಿಸುತ್ತಾನೆ. ಚೀಲ ಎರಡು ಮೆಟ್ಟಿಲು ಮೇಲಿತ್ತು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅವನು ಹೇಳಿದ್ದೇ ನಿಜವಾಯಿತಲ್ಲ ಎಂದುಕೊಂಡೆ. ಆ ಹೊತ್ತಿನಲ್ಲಿ ಮನೆ ಮಾರುವ ಕಾಗದ ಎದುರಿಗಿದ್ದಿದ್ದರೆ ರುಜು ಹಾಕಿಬಿಡುತ್ತಿದ್ದೆ.

ಸ್ವಲ್ಪ ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಕಂಡು ಬಂದಳು. ಗಾಬರಿಯಾಗಲಿಲ್ಲ, ಕೂಗಿಕೊಳ್ಳಲಿಲ್ಲ, ಜನ ಸೇರಿಸಲಿಲ್ಲ. "ಅವಸರ ಮಾಡಬ್ಯಾಡ್ರಿ ಅಮ್ಮಾರೆ, ಮೊದಲು ಹಂಗೇ ಕುಂದ್ರಿ" ಎಂದು ತಾನೂ ಪಕ್ಕದಲ್ಲಿ ಕುಳಿತಳು. ನನ್ನ ಪಾದವನ್ನು ತಣ್ಣೀರಿನಲ್ಲಿ ಇಳಿಬಿಡಿಸಿದಳು. ಹತ್ತು ನಿಮಿಷ ಇಬ್ಬರೂ ನೀರು ನೋಡುತ್ತ ಕುಳಿತೆವು. ಹರಿದ್ರಾ ಕೂಡುವುದು ಎಲ್ಲಿ ಎಂದು ಕೇಳಿದೆ. ಒದ್ದೆ ಕೈಯೆತ್ತಿ ತೋರಿಸಿದಳು. "ಅದೇನು ಹೊಳೆಯಮ್ಮ, ಹಳ್ಳ. ಬ್ಯಾಸಿಗ್ಯಾಗ ನೀರೇ ಇರಂಗಿಲ್ಲ" ಎಂದಳು. ನಂತರ, "ಈಗ ನನ್ನ ತೋಳು ಹಿಡೀರಿ. ಎಡಗಾಲು ಮೊದಲು ಊರಬ್ಯಾಡ್ರಿ, ಬಲಗಾಲು ಊರಿ ಏಳ್ರಿ" ಎಂದಳು. ಹಾಗೆಯೇ ಎದ್ದೆ. ಇಷ್ಟು ತಿಂಗಳು ಎಡಗಾಲನ್ನೇ ಮೊದಲು ಊರಿ ಏಳಲು ಹೆಣಗುತ್ತಿದ್ದೆನೆಂಬುದು ಆಗ ಗಮನಕ್ಕೆ ಬಂದಿತು. ಅವಳ ತಾಯಿಗೂ ಇದೇ ಮೊಣಕಾಲು ನೋವಂತೆ. ಕೈಗೆ ಐವತ್ತು ರೂಪಾಯಿ ಕೊಡಹೋದರೆ ಹಿಂದೆ ಸರಿದಳು. ಸೇವಂತಿಗೆಯ ಮೊಳವನ್ನು ಕೊಟ್ಟೆ, ಮುಡಿದುಕೊಂಡಳು.

ಅಲ್ಲಿಂದ ಆಟೋ ಹಿಡಿದೆ. ನಡೆಯುವ ಹುಮ್ಮಸ್ಸಿಗೆ ಒಂದು ಮಿತಿಯಿದೆಯಷ್ಟೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುವ ಆರೋಗ್ಯಮಾತೆಯ ಚರ್ಚನ್ನು ನೋಡಬೇಕೆಂದಿದ್ದೆ. ನಮ್ಮ ಅತ್ತೆಯವರು ಕೂಡ ಒಮ್ಮೆ ಅಲ್ಲಿಗೆ ಹರಕೆ ಒಪ್ಪಿಸಿ ಬಂದಿದ್ದರು. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು ನೇರವಾಗಿ ರೈಲು ನಿಲ್ದಾಣಕ್ಕೆ ಬಂದೆ. ಬಸ್ಸಿಗೆ ಹಣವಿಲ್ಲವೆಂಬುದು ನಿಜ. ಆದರೆ ಹಿಂದಿರುಗುವಾಗ ಅವರಂತೆ ರೈಲಿನಲ್ಲೇ ಹೋಗಬೇಕೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದೆ. ಟಿಕೆಟು ಕೊಂಡು ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಮಗನ ಕರೆಗಳು ಐದಾಗಿದ್ದವು. ಮಹಡಿಯ ಮನೆಯವರದೂ ಎರಡು.

ಮನೆಯ ಹಿತ್ತಿಲಲ್ಲಿದ್ದೆ, ಫೋನು ಕೇಳಿಸಲಿಲ್ಲ ಎನ್ನಬಹುದಿತ್ತು. ಒಲೆಯ ಮೇಲೆ ಹಾಲಿತ್ತು ಎನ್ನಬಹುದಿತ್ತು. ಕರೆ ಮಾಡಿ, "ಹರಿಹರದ ಸ್ಟೇಷನ್ನಿನಲ್ಲಿದ್ದೇನೆ" ಎಂದೆ.

"ಹರಿಹರವೇ? ಯಾರ ಜೊತೆ?"

"ಒಬ್ಬಳೇ. ಗುಡಿ ನೋಡಲು ಬಂದೆ. ಹೊಳೆಯ ಮೆಟ್ಟಿಲಿನ ಮೇಲೆ ಕಾಲು ಜಾರಿತು. ಒಬ್ಬ ಹೆಂಗಸು ಎಬ್ಬಿಸಿದಳು. ಈಗ ಸರಿಯಾಗಿದ್ದೇನೆ."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಬೈಯುತ್ತಾನೆಂದು ಕಾದೆ. "ಅಪ್ಪ ಕೂತು ಊಟ ಮಾಡುತ್ತಿದ್ದ ಜಾಗ ಸಿಕ್ಕಿತೇನಮ್ಮ?" ಎಂದ. ತಂದೆಯ ಬುತ್ತಿಯ ಜಾಗ ಅವನಿಗೆ ಗೊತ್ತಿರಬಹುದೆಂದು ನಾನು ಎಣಿಸಿರಲೇ ಇಲ್ಲ. ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಬೇಸಿಗೆಯ ರಜೆಯಲ್ಲಿ ಅವರು ಇವನನ್ನು ಕರೆದುಕೊಂಡು ಹೋಗಿ, ಅದೇ ಡಬ್ಬಿಯಲ್ಲಿ ಇಬ್ಬರೂ ಉಂಡಿದ್ದರಂತೆ. ಆ ದಿನ ರೊಟ್ಟಿ ಸಾಲಲಿಲ್ಲವಂತೆ. ಮೂರು ರೊಟ್ಟಿ ಹೆಚ್ಚು ಹಾಕು ಎಂದು ಅವರು ಯಾಕೆ ಹೇಳಲಿಲ್ಲವೋ! ರೈಲು ಬರುವವರೆಗೂ ಮಗ ಮಾತನಾಡುತ್ತಲೇ ಇದ್ದ. ಮನೆಯ ಮಾತು ಎತ್ತಲಿಲ್ಲ. ನಾನೇ ಎತ್ತಿದೆ. ಕೊಳ್ಳುವವರಿಗೆ ಈ ಯುಗಾದಿಗೆ ಬೇಡವೆಂದು ಹೇಳು, ಬಚ್ಚಲಮನೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸೋಣ, ಮಹಡಿಯ ಮನೆಯವರ ಬಳಿ ಒಂದು ಬೀಗದ ಕೈ ಇರಲಿ, ಮುಂದಿನ ದೀಪಾವಳಿಗೆ ಮತ್ತೆ ಕುಳಿತು ಮಾತಾಡೋಣ ಎಂದೆ. ಅವನು ಒಪ್ಪಿದನೆಂದು ಬರೆಯಲಾರೆ. "ನೋಡೋಣ" ಎಂದ. ನೋಡೋಣ ಎಂಬ ಮಾತು ಅವನ ತಂದೆಯದೇ.

ಕತ್ತಲಾಗುವ ಮೊದಲು ಮನೆ ತಲುಪಿದೆ. ಎದುರುಮನೆಯವರು ಬಾಗಿಲಲ್ಲೇ ನಿಂತು, "ಕಂಬ ನೋಡಿದಿರಾ?" ಎಂದರು. ನೋಡಿದೆ ಎಂದೆ. ಸಂಜೆಯ ಪೂಜೆಗೆ ಕುಳಿತಾಗ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡರೆ, ಬೆಳಿಗ್ಗೆ ಕಂಬದ ತಣ್ಣನೆಯ ಕಲ್ಲನ್ನು ಮುಟ್ಟಿದ್ದೂ ಇದೇ ಅಂಗೈ ಎಂದು ನೆನಪಾಯಿತು. ಅಂದು ಪೂಜೆ ಎಂದಿಗಿಂತ ಸ್ವಲ್ಪ ತಡವಾಗಿ ಮುಗಿಯಿತು.

ಭಾನುವಾರ ಮೊಮ್ಮಗಳು ಕರೆ ಮಾಡಿದಳು. ತಂದೆಯಿಂದ ಎಲ್ಲವನ್ನೂ ಕೇಳಿದ್ದಳು. ಫೋಟೋ ಕಳಿಸು ಎಂದಳು, ಒಂದನ್ನೂ ತೆಗೆದಿರಲಿಲ್ಲ. ಫೋನಿನಲ್ಲಿ ಚಿತ್ರ ತೆಗೆಯಬಹುದೆಂಬುದೇ ಆ ದಿನ ಹೊಳೆದಿರಲಿಲ್ಲ. "ಹೋಗಲಿ, ಮುಂದೆ ಎಲ್ಲಿಗಜ್ಜಿ?" ಎಂದು ಕೇಳಿದಳು.

ಕೂಡ್ಲಿಗೆ ಎಂದೆ. ತುಂಗೆ, ಭದ್ರೆ ಎರಡೂ ಸೇರುವುದು ಅಲ್ಲಿ. ಶಿವಮೊಗ್ಗದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡಕ್ಕೂ ಆಧಾರ್ ಕಾರ್ಡು ತೋರಿಸಿದರೆ ಸಾಕು.